ಸೇತುವೆಯ ಹೊಟ್ಟೆಯೊಳಗೆ

ನೆಲ ಬಾಯಿ ತೆರೆಯಿತು.

ನನ್ನ ಮೊಣಕಾಲಿನ ಮುಂದೆಯೇ!

ತಲೆಯ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರ್ ಗುಡುಗುತ್ತಾ ಹೋಯಿತು. ಕಾಂಕ್ರೀಟ್ ನೆಲದಲ್ಲಿದ್ದ ಗೆರೆ ಅಗಲವಾಯಿತು. ಕೆಳಗಿನಿಂದ ಬೆಳಕು ನುಗ್ಗಿತು. ಆ ಬೆಳಕಿನೊಳಗೆ, ಬಹಳ ಆಳದಲ್ಲಿ, ಭೀಮಾ ನದಿಯ ನೀರು ಹೊಳೆಯಿತು. ಟ್ರ್ಯಾಕ್ಟರ್ ದಾಟಿತು. ಗೆರೆ ಮುಚ್ಚಿತು. ಕತ್ತಲು.

ಇನ್ನೊಂದು ಟ್ರ್ಯಾಕ್ಟರ್ ಬಂತು...

ಮತ್ತೆ ನದಿ!

ನಾನು ಹಿಂದಕ್ಕೆ ಸರಿದೆ. ಬೆನ್ನು ಗೋಡೆಗೆ ತಾಗಿತು. ಆ ಗೋಡೆಯೂ ನಡುಗುತ್ತಿತ್ತು. ಅದು ನಡುಗುತ್ತಿದೆಯೋ ನಾನು ನಡುಗುತ್ತಿದ್ದೇನೋ ಗೊತ್ತಾಗಲಿಲ್ಲ.

ಆಗಲೇ ದೂರದಲ್ಲಿ ಕಬ್ಬಿಣದ ಸದ್ದಾಯಿತು. ಢಣ್!

ನಾನು ಒಳಗೆ ಬಂದಿದ್ದ ಬಾಗಿಲು.

ಯಾರೋ ಹೊರಗಿನಿಂದ ಚಿಲಕ ಎಳೆದರು.

ನನ್ನ ಹೆಸರು ಶಿವಕಾಂತಾ. ಆಳಂದ ತಾಲೂಕಿನ ಸರಸಂಬಾದವಳು. ಒಂದು ಕಾಲಕ್ಕೆ ಪೊಲೀಸ್ ಪೇದೆ. ಈಗ ಸೇತುವೆ ಕಾಯುವ ಒಂದು ಖಾಸಗಿ ಕಂಪನಿಯ ಕೆಲಸ. ಇಂಜಿನಿಯರ್ ಅಲ್ಲ. ಇಂಜಿನಿಯರುಗಳು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಸೋಲಾರ್ ಪ್ಲೇಟ್ ಕದ್ದವರನ್ನು ಹುಡುಕುವುದು, ಕೇಬಲ್ ಕತ್ತರಿಸಿದವರ ಮನೆಗೆ ಹೋಗುವುದು, ಲೀಡರುಗಳ ಬೈಗುಳ ತಿನ್ನುವುದು... ಅದು ನನ್ನ ಪಾಲು. ಒಮ್ಮೆ ಹಲ್ಲು ಮುರಿಸಿಕೊಂಡಿದ್ದೇನೆ. ಮೂರ್ನಾಲ್ಕು ಹಲ್ಲು ಮುರಿದೂ ಇದ್ದೇನೆ.

ಆದರೆ ಅಂಜಿಕೆ ಅಂದರೇನು ಅಂತ ಕೇಳಿದರೆ ಆ ಸೇತುವೆಯ ಹೊಟ್ಟೆಯನ್ನೇ ತೋರಿಸುತ್ತೇನೆ.

ಹೌದು, ಅದಕ್ಕೆ ಹೊಟ್ಟೆಯಿತ್ತು. ಮೇಲೆ ರಸ್ತೆ, ಒಳಗೆ ಟೊಳ್ಳು. ಅಫಜಲಪುರ ಕಡೆಯ ದಡದಿಂದ ಜೇವರ್ಗಿ ಕಡೆಯ ದಡದವರೆಗೆ ಕಾಂಕ್ರೀಟಿನ ಉದ್ದನೆಯ ಸುರಂಗ. ಬಗ್ಗಿ ನಡೆಯಬಹುದು. ಪ್ರತಿ ಕಂಬದ ಮೇಲೆ ಒಂದು ಅಡ್ಡಗೋಡೆ, ಅದರಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ.

ಆ ಬೆಳಿಗ್ಗೆ ಕಲಬುರಗಿಯಿಂದ ಮನೀಷಾ ಫೋನ್ ಮಾಡಿದ್ದಳು. ನಮ್ಮ ಇಂಜಿನಿಯರ್. ಸಣ್ಣ ದನಿ, ದೊಡ್ಡ ತಲೆ.

"ಅಕ್ಕಾ, ಅಫಜಲಪುರ ಕಡೀ ಎಳಿ ಯಾಕೋ ಉಸಿರಾಡಾಕತ್ತಿಲ್ಲ."

"ಗಾಜು ಉಸಿರಾಡ್ತದೇನ ಮನೀಷಾ?"

"ಸೇತುವಿ ಉಸಿರಾಡ್ತದ. ಬಿಸಿಲಿಗೆ ಹಿಗ್ತದ, ತಂಪಿಗೆ ಕುಗ್ತದ. ಗಾಡಿ ಹೋದ್ರ ನಡುಗ್ತದ. ಜೇವರ್ಗಿ ಕಡೀ ಎಳಿ ಎಲ್ಲಾ ಹೇಳಾಕತ್ತದ. ಈ ಕಡೀದು ಮಾತ್ರ ಹೆಣದಂಗ ಗಪ್ಪಗದ."

"ಹರದದ ಏನು?"

"ಹರದಿದ್ರ ಅಲಾರಾಂ ಹೊಡೀತಿತ್ತು. ಬೆಳಕು ಚಂದಾಗಿ ಹೋಗಿ ಚಂದಾಗಿ ವಾಪಸ್ ಬರಾಕತ್ತದ. ಅದೇ ನನಗ ಅಂಜಿಕಿ!"

ಎಳೆ ಅಂದರೆ ಆಪ್ಟಿಕಲ್ ಫೈಬರ್. ಕೂದಲಿನಂಥ ಗಾಜು. ಸೇತುವೆಯೊಳಗೆ ನೆಲದ ಉದ್ದಕ್ಕೂ ಅದನ್ನು ಅಂಟಿಸಿದ್ದಾರೆ. ದಡದ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದು ಗಾಜಿನೊಳಗೆ ಬೆಳಕು ಬಿಡುತ್ತದೆ. ಕಾಂಕ್ರೀಟ್ ಸೀಳಲು ಶುರುವಾದರೆ ಗಾಜೂ ಎಳೆದಂತಾಗುತ್ತದೆ. ವಾಪಸ್ ಬರುವ ಬೆಳಕು ಬದಲಾಗುತ್ತದೆ. ಎಲ್ಲಿ, ಎಷ್ಟು ಅಂತ ಪೆಟ್ಟಿಗೆ ಹೇಳುತ್ತದೆ. ಅಪಾಯ ಅನ್ನಿಸಿದರೆ ತಾನೇ ಎರಡೂ ದಡಕ್ಕೆ ಕೆಂಪು ದೀಪ ಹಾಕಿ ಗೇಟು ಇಳಿಸುತ್ತದೆ. ಯಾರನ್ನೂ ಕೇಳುವುದಿಲ್ಲ.

ಅಂಥ ಎಳೆ ಎರಡು. ಅಫಜಲಪುರ ದಡದಿಂದ ನಡುಕಂಬದವರೆಗೆ ಒಂದು, ಜೇವರ್ಗಿ ದಡದಿಂದ ನಡುಕಂಬದವರೆಗೆ ಇನ್ನೊಂದು. ಆಯಾ ದಡದಲ್ಲಿ ಆಯಾ ಎಳೆಯ ಪೆಟ್ಟಿಗೆ.

ನಾನು ಅಫಜಲಪುರ ಕಡೆಯ ಕೋಣೆಗೆ ಹೋದೆ. ಗೇಟು ಕಾಯುವ ಗುರುನಾಥ ಬಾಗಿಲಲ್ಲಿ ನಿಂತಿದ್ದ. ಬಡಕಲು ಮನುಷ್ಯ, ಗಡ್ಡ ಬಿಟ್ಟಿದ್ದ. ನನ್ನ ಮುಖ ನೋಡಲಿಲ್ಲ.

"ಎಲ್ಲಾ ಛಲೋ ಅದರಿ ಅಕ್ಕೋರ."

"ನಾ ಇನ್ನಾ ಕೇಳೇ ಇಲ್ಲಲ್ಲ ಗುರುನಾಥ?"

ಅವನು ಸರಿದು ನಿಂತ. ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಹಳದಿ ವೈರು ಗೋಡೆಯ ತೂತಿನ ಕಡೆ ಹೋಗಬೇಕಿತ್ತು. ಹೋಗಿರಲಿಲ್ಲ. ಮೇಜಿನ ಕೆಳಗೆ ಇಳಿದಿತ್ತು. ಗೋಣಿಚೀಲ ಎತ್ತಿದೆ. ಒಂದು ದೊಡ್ಡ ರೀಲು. ಉಳಿದಿದ್ದ ಹೊಸ ಫೈಬರನ್ನು ಸುತ್ತಿಟ್ಟ ರೀಲು. ವೈರು ಅದಕ್ಕೆ ಸೇರಿತ್ತು.

ಟಿವಿಯ ವೈರು ಬದಲಿಸಿದಷ್ಟೇ ಸುಲಭದ ಕೆಲಸ.

ಪೆಟ್ಟಿಗೆ ಸೇತುವೆಯನ್ನು ನೋಡುತ್ತಲೇ ಇರಲಿಲ್ಲ. ಗೋಣಿಚೀಲದೊಳಗಿನ ರೀಲನ್ನು ನೋಡಿಕೊಂಡು ಎಲ್ಲ ಕ್ಷೇಮ ಅನ್ನುತ್ತಿತ್ತು!

ತಿರುಗಿ ನೋಡಿದೆ. ಗುರುನಾಥ ಇರಲಿಲ್ಲ.

ವೈರನ್ನು ಸೇತುವೆಯ ತುದಿಗೆ ಹಚ್ಚೋಣ ಅಂತ ಗೋಡೆಯ ತೂತು ನೋಡಿದೆ. ಆ ತುದಿಯನ್ನು ಯಾರೋ ಕಲ್ಲಿನಿಂದ ಜಜ್ಜಿದ್ದರು. ಮನೀಷಾಗೆ ಫೋನ್ ಹಚ್ಚಿದೆ.

"ಒಳಗ ಹೋಗಿ ಕಣ್ಣಿಲೆ ನೋಡ್ತೇನಿ. ನೀ ಪೊಲೀಸರಿಗೆ ಹೇಳಿ ಇಡು."

"ಸುಮ್ಮ ಹೇಳಿದ್ರ ಬರಂಗಿಲ್ಲ ಅಕ್ಕಾ. ಮಷೀನ್ ಎಲ್ಲಾ ಸರಿ ಅದ ಅನ್ನಾಕತ್ತದಲ್ಲ. ಫೋಟೋ ತಗೊಂಡ್ ಬರ್ರಿ."

ಸೇತುವೆಯೊಳಗೆ ತೂರಿ ಬಿರುಕಿನ ಫೋಟೋ ತೆಗೆದೆ. ಅಷ್ಟರಲ್ಲಿ ಬಾಗಿಲು ಬಿತ್ತು.

ಬಗ್ಗಿಕೊಂಡೇ ಓಡಿದೆ. ತಲೆ ಎರಡು ಸಲ ಮಾಳಿಗೆಗೆ ಬಡಿಯಿತು. ಬಾಗಿಲಿಗೆ ಭುಜ ಕೊಟ್ಟು ಗುದ್ದಿದೆ. ಅಲುಗಲಿಲ್ಲ.

"ಯಾರದು? ತಗೀ!"

"ಅಕ್ಕಾ, ಯಾಕ ಒದರ್ತಿ? ಸಂಜೀತನಕ ಆರಾಮ ಕುಂದ್ರು."

ಆ ದನಿ ಗೊತ್ತಿತ್ತು. ಶ್ರೀಮಂತ! ಆ ಸೀಮೆಯ ಕಬ್ಬು ಕಡಿಯುವ ಗ್ಯಾಂಗುಗಳ ಮೇಸ್ತ್ರಿ, ಮುಕಾದಮ. ಟ್ರ್ಯಾಕ್ಟರುಗಳೆಲ್ಲ ಅವನು ಹೇಳಿದರೆ ಹೊರಡುತ್ತವೆ, ಅವನು ಹೇಳಿದರೆ ನಿಲ್ಲುತ್ತವೆ. ಹುರಿ ಮಾಡಿದ ಮೀಸೆ, ಇಸ್ತ್ರಿ ಅಂಗಿ, ನಗುನಗುತ್ತಲೇ ಹೆದರಿಸುವ ಮಾತು.

"ಶ್ರೀಮಂತ, ನೆಲ ಸೀಳ್ಯಾದ! ನದಿ ಕಾಣಾಕತ್ತದ!"

"ನಿಮ್ಮ ಮಷೀನು ಹಿಂಗೇ ಒದರ್ತದ. ಮಳಿಗಾಲದಾಗೂ ಒದರ್ತು. ಸೇತುವಿ ಬಿತ್ತೇನು?"

"ಮಷೀನ್ ಅಲ್ಲೋ! ನನ್ನ ಕಣ್ಣು!"

"ಇವತ್ತ ಕಾರ್ಖಾನಿ ಕಬ್ಬು ನುರಸೋ ಆಖರಿ ದಿನ. ಕಬ್ಬು ಈ ದಡದಾಗ ಉಳದ್ರ ಒಣಗಿ ಕಟಗಿ ಆಗ್ತದ. ಲೈನ್ ದಾಟ್ಲಿ. ನಾನೇ ಬಾಗಲಾ ತಗದು ಚಹಾ ಕುಡಸ್ತೇನಿ."

"ಮಂದಿ ಸಾಯ್ತಾರ!"

"ಬಾಯಿ ಮುಚ್ಚ ಬೇ!" ನಗು ಹೋಗಿತ್ತು. "ಜಾಸ್ತಿ ಒದರಿದ್ರ ಸಂಜಿಗೂ ತಗಿಯಂಗಿಲ್ಲ. ಅಲ್ಲೇ ಕೊಳೀ!"

ಬೂಟಿನ ಸದ್ದು ದೂರವಾಯಿತು.

ಫೋನ್ ನೋಡಿದೆ. ಅಷ್ಟು ದಪ್ಪ ಕಾಂಕ್ರೀಟಿನೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ಕೂಗಿದೆ. ನನ್ನ ದನಿ ನನಗೇ ವಾಪಸ್ ಬಂತು.

ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು.

ಗುಡುಗು ನಿಂತಿತ್ತು.

ಮೊದಲು ಸಮಾಧಾನವಾಯಿತು. ಟ್ರ್ಯಾಕ್ಟರುಗಳು ನಿಂತವು, ದೇವರು ದೊಡ್ಡವನು ಅಂದುಕೊಂಡೆ. ಆಮೇಲೆ ಬೆವರು ತಣ್ಣಗಾಯಿತು. ಇಂಜಿನ್ನುಗಳು ನಿಂತಲ್ಲೇ ಗುರುಗುಡುತ್ತಿದ್ದವು. ಮುಂದೆ ಏನೋ ಕೆಟ್ಟಿದೆ. ಸಾಲು ಸೇತುವೆಯ ಮೇಲೇ ನಿಂತಿದೆ! ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು... ಒಂದರ ಹಿಂದೆ ಒಂದು...

ಟಾರ್ಚ್ ಹಿಡಿದು ಬಿರುಕಿನ ಕಡೆ ಓಡಿದೆ.

ಟಾರ್ಚ್ ಬೇಕಾಗಲಿಲ್ಲ. ಅಲ್ಲಿ ಬೆಳಕಿತ್ತು.

ಬಿರುಕು ತೆರೆದೇ ಇತ್ತು. ಮುಚ್ಚುತ್ತಿರಲಿಲ್ಲ. ನನ್ನ ಮುಷ್ಟಿ ಹೋಗುವಷ್ಟು ಅಗಲ. ನೆಲದಿಂದ ಎದ್ದು ಎರಡೂ ಗೋಡೆ ಹತ್ತಿತ್ತು. ಒಳಗಿನ ಕಬ್ಬಿಣದ ಸರಳು ಕಾಣುತ್ತಿತ್ತು. ಟಕ್... ಟಕ್... ಅಂತ ಸಣ್ಣ ಚೂರುಗಳು ಸಿಡಿದು ನದಿಗೆ ಬೀಳುತ್ತಿದ್ದವು. ಬಿದ್ದ ಸದ್ದೇ ಕೇಳಿಸುತ್ತಿರಲಿಲ್ಲ. ಅಷ್ಟು ಆಳ!

ಬಿರುಕಿನ ಅಂಚಿನಲ್ಲಿ ತುಂಡಾದ ಗಾಜಿನ ಎಳೆಯ ತುದಿ ನಡುಗುತ್ತಿತ್ತು. ಹೇಳಬೇಕಾದದ್ದನ್ನು ಅದು ಯಾವಾಗಲೋ ಹೇಳಿತ್ತು. ಕೇಳುವವರು ರೀಲಿಗೆ ಕಿವಿ ಕೊಟ್ಟಿದ್ದರು.

ಆಗ ತಲೆ ಓಡಿತು. ಆಚೆಯ ಎಳೆ!

ನಡುಕಂಬದಿಂದ ಆಚೆ ಇನ್ನೊಂದು ಎಳೆ ಇದೆ. ಅದು ಜೀವಂತವಾಗಿದೆ. ಅದರ ಪೆಟ್ಟಿಗೆ ಜೇವರ್ಗಿ ದಡದಲ್ಲಿದೆ, ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಆ ಎಳೆಯನ್ನು ಹರಿದರೆ ಬೆಳಕು ನಿಲ್ಲುತ್ತದೆ. ಬೆಳಕು ನಿಂತರೆ ಕೆಂಪು ದೀಪ, ಸೈರನ್, ಗೇಟು. ಮನೀಷಾಳ ಕಂಪ್ಯೂಟರೂ ಬಡಕೊಳ್ಳುತ್ತದೆ.

ಆದರೆ ನಡುಕಂಬ ಬಿರುಕಿನ ಆಚೆಗಿತ್ತು.

ದಾಟಬೇಕು.

ನಾನು ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಖರೆ ಹೇಳುತ್ತೇನೆ, ಅತ್ತುಬಿಟ್ಟೆ. ನನ್ನ ಮೈ ಒಂದರ ತೂಕ ಹೆಚ್ಚಾದರೆ ಸಾಕು, ಇದು ಬಿದ್ದೇ ಬಿಡುತ್ತದೆ ಅನ್ನಿಸಿತು. ತಲೆಯ ಮೇಲೆ ಅಷ್ಟು ಟನ್ ಕಬ್ಬು ನಿಂತಿರುವಾಗ ನನ್ನ ಮೈಭಾರದ ಲೆಕ್ಕ! ಅಂಜಿಕೆಗೆ ಗಣಿತ ಬರುವುದಿಲ್ಲ.

ಮೇಲಿನಿಂದ ಒಂದು ಮಗು ನಗುವುದು ಕೇಳಿಸಿತು.

ಬಿರುಕಿನಿಂದಲೇ ಬಂದಿರಬೇಕು. ಮೇಲೆ ಯಾವುದೋ ಟ್ರ್ಯಾಕ್ಟರಿನಲ್ಲಿ ಸಂಸಾರವೇ ಕೂತಿತ್ತು.

ಹೊಟ್ಟೆಯ ಮೇಲೆ ಮಲಗಿದೆ. ಕೈ ಚಾಚಿ ಆಚೆ ಅಂಚು ಹಿಡಿದೆ. ಕಣ್ಣು ಮುಚ್ಚಿ ತೆವಳಿದೆ. ಎದೆಯ ಕೆಳಗೆ ಗಾಳಿ ತಣ್ಣಗೆ ತಾಕಿತು. ನದಿಯ ಗಾಳಿ! ಆಗಲೇ ಮೇಲೆ ಯಾವನೋ ಇಂಜಿನ್ ರೇಸ್ ಮಾಡಿದ. ನೆಲ ನರಳಿತು. ಸರಳೊಂದು ಬಂದೂಕಿನಂತೆ ಸಿಡಿಯಿತು. ನನ್ನ ಸೊಂಟ ಆಚೆ, ಕಾಲು ಈಚೆ... ನಡುವೆ ನೆಲ ಕುಸಿದು ಮೆಟ್ಟಿಲಾಯಿತು!

ಚೀರಿದೆ. ಜಾರಿದೆ. ಉಗುರು ಕಿತ್ತು ಬಂತು. ಎಳೆದುಕೊಂಡೆ.

ದಾಟಿದ್ದೆ.

ಎದ್ದು ಓಡಿದೆ. ನಡುಕಂಬದ ಕಿಂಡಿಯಲ್ಲಿ ನುಸುಳಿದೆ. ಅಲ್ಲಿ ನೆಲಕ್ಕೆ ಅಂಟಿದ್ದ ಎಳೆ ಟಾರ್ಚಿಗೆ ಮಿಂಚಿತು. ಉಗುರು ಹೋದ ಬೆರಳಿನಿಂದಲೇ ಅಂಟು ಕೆರೆದೆ. ಕೈಗೆ ಸುತ್ತಿ ಜಗ್ಗಿದೆ.

ಹರಿಯಿತು. ಸದ್ದೇ ಇಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಚಿಟಿಕೆ ಸದ್ದಾದರೂ ಬೇಡವೇ?

ಕಾದೆ.

ಏನೂ ಇಲ್ಲ...

ಏನೂ ಇಲ್ಲ...

ಆಮೇಲೆ ದೂರದಲ್ಲಿ ಸೈರನ್ ಕೂಗಿತು! ಎರಡೂ ದಡದಲ್ಲಿ!

ಜೇವರ್ಗಿ ಕಡೆಯ ಬಾಗಿಲಿಗೆ ಓಡಿ ಬಡಿದೆ. ಅದಕ್ಕೂ ಹೊರಗಿನಿಂದ ಬೀಗ. ಟಾರ್ಚಿನಿಂದ ಬಡಿದೆ, ಟಾರ್ಚ್ ಒಡೆಯಿತು. ಕೈಯಿಂದ ಬಡಿದೆ. ಕೊನೆಗೆ ಹಣೆಯಿಂದ.

ಬೀಗದ ಸದ್ದಾಯಿತು. ಬಾಗಿಲು ತೆರೆಯಿತು. ಬಿಸಿಲು ಕಣ್ಣಿಗೆ ಹೊಡೆಯಿತು.

ಗುರುನಾಥ. ಬೆಳಿಗ್ಗೆ ಶ್ರೀಮಂತನಿಗೆ ಸುದ್ದಿ ಮುಟ್ಟಿಸಿ ಈ ದಡಕ್ಕೆ ಓಡಿ ಬಂದಿರಬೇಕು, ಕೈಯಲ್ಲಿ ಕೀಲಿಗೊಂಚಲು.

ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

"ಯಾಕ ಮಾಡಿದೀ?"

"ಹೊಡೀರಿ ಅಕ್ಕೋರ."

"ಯಾಕ ಮಾಡಿದಿ ಅಂತ ಕೇಳಾಕತ್ತೇನಿ!"

"ಮಳಿಗಾಲದಾಗ ಅಲಾರಾಂ ಆಗಿತ್ತಲ್ರಿ... ಗೇಟ್ ಇಳೀತು. ಆಂಬುಲೆನ್ಸ್ ಬಂತು. ತಗಿ ತಗಿ ಅಂತ ಡ್ರೈವರ್ ಒದರ್ದ. ನಾ ತಗೀಲಿಲ್ರಿ. ರೂಲ್ಸ್ ಅಂದೆ. ಸೊನ್ನದ ಕಡೀ ಸುತ್ತಾಕಿ ಹೋಗ್ರಿ ಅಂದೆ." ಅವನು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಒತ್ತಿದ. "ಒಳಗ ನನ್ನ ಹೇಣ್ತಿ ಸೀಮಾ ಇದ್ಳು. ಹೆರಿಗಿ ಬ್ಯಾನಿ. ನನಗ ಗೊತ್ತಿರ್ಲಿಲ್ರಿ... ದವಾಖಾನಿ ಮುಟ್ಟಲಿಲ್ಲ. ಸೇತುವಿ ಬೀಳ್ಲೂ ಇಲ್ಲ. ಎರಡ ದಿನಕ್ಕ ಮತ್ತ ತಗದ್ರು. ಮೊನ್ನಿ ಶ್ರೀಮಂತ ಬಂದು ಆ ವೈರ್ ಕಿತ್ತಿ ಈ ರೀಲಿಗಿ ಹಚ್ಚು ಅಂದ. ಹಚ್ಚಿದೆ."

ನನ್ನ ಕೈ ಸಡಿಲಾಯಿತು. ಅದಕ್ಕೆಲ್ಲ ಈಗ ಹೊತ್ತಿರಲಿಲ್ಲ.

"ಈಗ ಯಾಕ ಬಾಗಲಾ ತಗದಿ?"

"ಈ ಕಡೀ ಎಳಿಗೆ ನಾ ಏನೂ ಮಾಡಿಲ್ಲಲ್ರಿ. ಅದೂ ಒದರಾಕತ್ತಂದ್ರ..." ಅವನು ಸೇತುವೆಯ ಕಡೆ ನೋಡಿದ. "ಖರೇನ ಅದಂತ ಅಂಜಿಕಿ ಆತ್ರಿ."

"ಓಡು! ಮ್ಯಾಲಿದ್ದ ಮಂದೀನ ಇಳಸು!"

ಸೇತುವೆ ಹತ್ತಿದೆವು. ಈ ದಡದ ಏರಿನಲ್ಲಿ ಒಂದು ಟ್ರೇಲರಿನ ಅಚ್ಚು ಮುರಿದು ರಸ್ತೆಗೆ ಅಡ್ಡ ಬಿದ್ದಿತ್ತು. ಅದರ ಹಿಂದೆ ಕಬ್ಬಿನ ಸಾಲು, ಆಚೆ ದಡದವರೆಗೆ. ಡ್ರೈವರುಗಳು ಬೀಡಿ ಸೇದುತ್ತಾ ಹಾಡು ಹಚ್ಚಿಕೊಂಡು ಕೂತಿದ್ದರು. ಸೈರನ್ನಿಗೆ ಒಬ್ಬನೂ ತಲೆ ಎತ್ತಿರಲಿಲ್ಲ. ಅದು ಅವರಿಗೆ ಹಳೆಯ ಕತೆ.

"ಇಳೀರಿ! ಗಾಡಿ ಬಿಡ್ರಿ! ಸೇತುವಿ ಬೀಳಾಕತ್ತದ!"

ತಲೆ ತುಂಬ ಸಿಮೆಂಟ್ ಧೂಳು, ಹಣೆಯಿಂದ ರಕ್ತ. ಹುಚ್ಚಿ ಅಂದುಕೊಂಡಿರಬೇಕು. ಮೊದಲನೆಯವನು ನಕ್ಕ. ಎರಡನೆಯವನು ಗುರುನಾಥನ ಮುಖ ನೋಡಿ ನಗು ನಿಲ್ಲಿಸಿದ. ಕೆಲವರು ಇಳಿದರು. ಕೆಲವರು ಇಳಿಯಲಿಲ್ಲ.

ಬಿರುಕಿನ ನೆತ್ತಿಯ ಮೇಲೆ ನಿಂತಿದ್ದದ್ದು ಹಫೀಜನ ಟ್ರ್ಯಾಕ್ಟರ್. ತೆಳ್ಳಗಿನ ಆಳು, ಕುತ್ತಿಗೆಗೆ ಟವೆಲ್. ಹಿಂದೆ ಕಬ್ಬಿನ ರಾಶಿಯ ಮೇಲೆ ಅವನ ಹೆಂಡತಿ ಗುಲಫಶಾ, ತೊಡೆಯ ಮೇಲೆ ಮಗು. ಅದೇ ಮಗು ನಕ್ಕಿದ್ದು.

"ಅಣ್ಣಾ, ಇಳಿ!"

"ಗಾಡಿ ಬಿಟ್ಟು ಹ್ಯಾಂಗ ಇಳೀಲಿ ಅಕ್ಕಾ? ಶ್ರೀಮಂತಣ್ಣ ಚಮಡಾ ಸುಲೀತಾನ."

"ಯಾರಲೇ ಇಳೀತೀನಿ ಅನ್ನೋನು?" ಹಿಂದಿನಿಂದ ದನಿ ಬಂತು. ಶ್ರೀಮಂತ ಸಾಲಿನ ನಡುವೆ ನುಗ್ಗಿ ಬರುತ್ತಿದ್ದ. ನನ್ನನ್ನು ಕಂಡು ಒಂದು ಕ್ಷಣ ನಿಂತ. ಆಮೇಲೆ ಗುರುನಾಥನನ್ನು ನೋಡಿದ. "ಗುರ್ಯಾ! ನೀನೇನಲೇ?"

"ಹಫೀಜ, ಕೆಳಗ ನೋಡು!" ನಾನು ಕೂಗಿದೆ.

ಅವನು ನೋಡಲಿಲ್ಲ. ಗುಲಫಶಾ ನೋಡಿದಳು. ಅಷ್ಟು ಎತ್ತರದಿಂದ ಸೇತುವೆಯ ಅಂಚಿನ ಕಟ್ಟೆ ಉದ್ದಕ್ಕೂ ಕಾಣುತ್ತದೆ. ನೆಟ್ಟಗೆ ಗೆರೆ ಎಳೆದಂತಿರಬೇಕಾದ್ದು ಅವರ ಹತ್ತಿರ ಮಾತ್ರ ಹಳೆಯ ಹೊರಸಿನಂತೆ ಜೋತಿತ್ತು.

"ಅಯ್ಯೋ ಅಲ್ಲಾ... ಕಟ್ಟಿ ಬಾಗ್ಯಾದ್ರಿ!" ಅವಳು ಚೀರಿದಳು. "ಬಾಗ್ಯಾದ! ಬಾಗಾಕತ್ತದ!"

ಮಗುವನ್ನು ನನ್ನ ಕೈಗೆ ಎಸೆದಳು. ಎಸೆದೇಬಿಟ್ಟಳು! ಹಿಡಿದೆ. ಕಬ್ಬಿನ ಮೇಲಿಂದ ಜಾರಿ ಬಿದ್ದು ಎದ್ದು ಗಂಡನ ತೋಳು ಜಗ್ಗಿದಳು. ಹಫೀಜ ಇಳಿದ. ಅವನು ಇಳಿದದ್ದನ್ನು ಕಂಡು ಹಿಂದಿನವರೂ ಇಳಿದರು. ಎರಡೂ ದಡದ ಕಡೆ ಓಟ. ನಾನೂ ಮಗುವನ್ನು ಎತ್ತಿಕೊಂಡು ಜೇವರ್ಗಿ ಕಡೆ ಹಿಂದೆ ಸರಿದೆ. ಚಪ್ಪಲಿ, ಟವೆಲ್, ಊಟದ ಡಬ್ಬಿ ಎಲ್ಲ ರಸ್ತೆಯ ಮೇಲೆ.

"ಹೆದರುಪುಕ್ಕರಾ!" ಶ್ರೀಮಂತ ಹಫೀಜನ ಟ್ರ್ಯಾಕ್ಟರ್ ಹತ್ತಿದ. "ಒಂದು ಹೆಂಗಸು ಒದರಿದ್ರ ಓಡ್ತೀರಲೇ! ನೋಡ್ರಿ, ನಾನೇ ಮುಂದ ಸರಸ್ತೇನಿ!"

"ಶ್ರೀಮಂತ, ಬ್ಯಾಡ! ಇಳಿ!"

ನನಗೆ ಅವನ ಮೇಲೆ ಸಿಟ್ಟಿತ್ತು. ಆದರೂ ಕೂಗಿದೆ. ಅದು ನಿಜ, ಬರೆದುಕೊಳ್ಳಿ.

ಅವನು ನನ್ನ ಕಡೆ ನೋಡಿದ. ಆ ಕಣ್ಣಿನಲ್ಲಿ ಅಂಜಿಕೆ ಇತ್ತು. ಅಷ್ಟು ಜನರ ಮುಂದೆ ಇಳಿಯಲಾರದ ಅಂಜಿಕೆ. ಗೇರು ಹಾಕಿದ.

ಟ್ರ್ಯಾಕ್ಟರ್ ಒಂದು ಮಾರು ಮುಂದೆ ಹೋಯಿತು.

ಮೊದಲು ಸದ್ದೇ ಆಗಲಿಲ್ಲ. ರಸ್ತೆ ನಡುವಿನಲ್ಲಿ ಮೆಲ್ಲಗೆ ಮಡಚಿತು. ಕಬ್ಬಿನ ರಾಶಿ ತಲೆಬಾಗಿತು. ಆಮೇಲೆ ಎಲ್ಲ ಒಮ್ಮೆಲೇ... ಗುಡುಗು, ಧೂಳು, ನೀರಿನ ಗೋಡೆ! ನನ್ನ ಪಾದದಿಂದ ಒಂದು ಹಾಸಿಗೆಯಷ್ಟು ದೂರದಲ್ಲಿ ರಸ್ತೆ ಮುಗಿದಿತ್ತು.

ಮಗು ಅಳಲಿಲ್ಲ. ನನ್ನ ಕಿವಿಯೋಲೆ ಹಿಡಿದು ಜಗ್ಗುತ್ತಿತ್ತು.

ಗುಲಫಶಾ ಬಂದು ಮಗುವನ್ನು ಕೇಳಿದಳು. ನನ್ನ ಕೈ ಬಿಡಿಸುವುದಕ್ಕೆ ಅವಳೂ ಹಫೀಜನೂ ಇಬ್ಬರೂ ಬೇಕಾಯಿತು.

ಸಂಜೆಗೆ ಮೀನುಗಾರರು ಶ್ರೀಮಂತನನ್ನು ಹೊರತಂದರು. ಒಂದು ಬೂಟು ಕಾಲಲ್ಲೇ ಇತ್ತು. ಅವನೊಬ್ಬನೇ. ಬೇರೆ ಯಾರೂ ಸಾಯಲಿಲ್ಲ. ಕೊಳಕೂರ ಕಡೆಯಿಂದ ಜನ ಬಂದು ದಡದಲ್ಲಿ ಕೂತವರಿಗೆ ರೊಟ್ಟಿ ಹಂಚಿದರು. ನನಗೂ ಕೊಟ್ಟರು. ಹಲ್ಲು ಕಟಕಟ ಅನ್ನುತ್ತಿತ್ತು, ತಿನ್ನಲಾಗಲಿಲ್ಲ.

ಮನೀಷಾ ಕಲಬುರಗಿಯಿಂದ ಬಂದಳು. ಸೇತುವೆಯ ಮುರಿದ ತುದಿಯವರೆಗೆ ಹೋಗಿ ನೋಡಿ ಬಂದಳು. ನಾನು ಅವಳನ್ನು ಪಕ್ಕಕ್ಕೆ ಕರೆದೆ.

"ಮಳಿಗಾಲದ ಅಲಾರಾಂ ಸುಳ್ಳೇನು?"

"ಇಲ್ಲಕ್ಕಾ. ಬಿರುಕು ಅವತ್ತೇ ಶುರು ಆಗಿತ್ತು. ಎಳಿ ಸರಿಯಾಗೇ ಹೇಳಿತ್ತು. ನಮ್ಮ ಮಂದಿನೇ ಮ್ಯಾಲ ಮ್ಯಾಲ ನೋಡಿ ಗೇಟ್ ತಗದ್ರು."

"ಮತ್ತ... ಅವತ್ತ ಒಂದು ಆಂಬುಲೆನ್ಸ್ ದಾಟಬಹುದಿತ್ತೇನು?"

ಅವಳು ನದಿಯ ಕಡೆ ತಿರುಗಿದಳು. ಆಮೇಲೆ ಹೇಳಿದಳು.

"ಒಂದ ಆಂಬುಲೆನ್ಸ್ ಏನು ಭಾರ ಅಕ್ಕಾ? ಆರಾಮಾಗಿ ದಾಟ್ತಿತ್ತು."

ಗುರುನಾಥನನ್ನು ಪೊಲೀಸರು ಜೀಪಿಗೆ ಹತ್ತಿಸುತ್ತಿದ್ದರು. ಅವನು ತಾನಾಗಿಯೇ ಎಲ್ಲ ಹೇಳಿದ್ದ. ನಾನು ಹತ್ತಿರ ಹೋದೆ. ಅವನು ತಲೆ ಎತ್ತಿದ. ಬೆಳಿಗ್ಗೆಯಿಂದ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ.

"ಅಕ್ಕೋರ, ಒಂದ ಮಾತು. ಅವತ್ತ ನಾ ಗೇಟ್ ತಗದಿದ್ರ... ನನ್ನ ಸೀಮಾ ದಾಟ್ತಿದ್ಳೇನ್ರಿ?"

ಜೀಪಿನ ಇಂಜಿನ್ ಶುರುವಾಗಿತ್ತು. ಜೀಪಿನ ಅಂಚು ಹಿಡಿದು ನಿಂತೆ. ಸೇತುವೆಯೊಳಗೂ ಅಷ್ಟು ಅಂಜಿರಲಿಲ್ಲ.

"ಇಲ್ಲಪ್ಪ," ಅಂದೆ. "ಗಾಡಿ ನದಿಗೆ ಬೀಳ್ತಿತ್ತು. ನೀ ಸರೀನೇ ಮಾಡೀದಿ."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಜೀಪ್ ಹೋಯಿತು.

ಸುಳ್ಳು ಹೇಳುವುದು ನನ್ನ ಕಸುಬಿನಲ್ಲೇ ಇದೆ. ಸಂಬಳವಿಲ್ಲದೆ ಹೇಳಿದ್ದು ಅದೊಂದೇ.